ಎತ್ತಪ್ಪನ ಉಣ್ಣೆ, ಜುಂಜಮ್ಮನ ಅರ್ಜಿ

"ಕಾಗದ ಹಾಕಿದ್ದೆ ಮೇಷ್ಟ್ರೇ, ಉತ್ತರಾನೇ ಬರ್ಲಿಲ್ಲ." ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ನಾನು ಶಿವಕುಮಾರಪ್ಪ, ಹಿರೇಗುಂಟನೂರು ಹೋಬಳಿಯ ಒಂದು ಸಣ್ಣ ಊರಿನ ಶಾಲೆಯ ಮೇಷ್ಟ್ರು. ಬೆಳಗಿನ ಹೊತ್ತು ಮನೆಯ ಜಗಲಿಯಲ್ಲೇ ಅಂಚೆ ಕಚೇರಿ ನಡೆಸುತ್ತೇನೆ. ಉತ್ತರ ಬರದಿದ್ದರೆ ಎಲ್ಲರೂ ಬೈಯುವುದು ನನ್ನನ್ನೇ. ಯಾವ ಕಾಗದ ಯಾವುದರಲ್ಲಿ ಹಾಕಬೇಕು ಎಂದು ಮೊದಲೇ ಕೇಳುವವರು ಮಾತ್ರ ಒಬ್ಬರೂ ಇಲ್ಲ.

ಮೂರು ವರ್ಷದ ಹಿಂದೆ ಹಟ್ಟಿಯ ಕುರಿಗಾರ ಎತ್ತಪ್ಪ ತನ್ನ ಮಗಳು ಜುಂಜಮ್ಮನನ್ನು ಕರೆದುಕೊಂಡು ಬಂದ. ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಆ ಹಟ್ಟಿಯಲ್ಲಿ ಅವಳೇ ಮೊದಲು. ನರ್ಸಮ್ಮನ ತರಬೇತಿಗೆ ಅರ್ಜಿ ಹಾಕಬೇಕಿತ್ತು, ಹನ್ನೆರಡು ದಿನ ಮಾತ್ರ ಉಳಿದಿತ್ತು. ಎತ್ತಪ್ಪ, ಮಗಳು ಅರ್ಜಿ ಬರೆದಿದ್ದ ಒಂದು ಇನ್‌ಲ್ಯಾಂಡ್ ಲೆಟರನ್ನು ನನ್ನ ಮುಂದಿಟ್ಟ. ಅದು ಹೊಟ್ಟೆ ಉಬ್ಬಿಸಿಕೊಂಡು ಕುಳಿತಿತ್ತು. ಪುಣ್ಯಕ್ಕೆ ಇನ್ನೂ ಅಂಟಿಸಿರಲಿಲ್ಲ. ಬಿಚ್ಚಿ ನೋಡಿದರೆ ಎಂಟು ಮಡಿಕೆ ಮಾಡಿದ ಅಸಲು ಮಾರ್ಕ್ಸ್ ಕಾರ್ಡು, ಜೊತೆಗೆ ಒಂದು ಚಿಟಿಕೆ ಕರಿ ಉಣ್ಣೆ.

"ಇದೇನಪ್ಪ ಎತ್ತಪ್ಪ, ಉಣ್ಣೆ ಯಾಕೆ?"

"ನಮ್ಮನೇಲಿ ಯಾರ ಕೈಯಾಗಾದ್ರೂ ಮಾತು ಹೇಳಿ ಕಳಿಸಿದ್ರೆ, ನಮ್ಮ ಕುರಿ ಉಣ್ಣೆ ಒಂದಿಷ್ಟು ಕೊಟ್ಟು ಕಳಿಸ್ತೀವಿ ಮೇಷ್ಟ್ರೇ. ಅದನ್ನ ನೋಡಿದ್ರೆ ಇದು ಎತ್ತಪ್ಪಂದೇ ಮಾತು ಅಂತ ನಂಬ್ತಾರೆ."

"ನಿಮ್ಮ ಬೀಗರು ನಂಬ್ತಾರೆ. ಕಚೇರಿಯೋರು ನಿಮ್ಮ ಕುರಿ ಎಲ್ಲಿ ನೋಡ್ಯಾರೆ?"

ಜುಂಜಮ್ಮ ನಗು ತಡೆಯಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಇದಕ್ಕೆ ಇನ್‌ಲ್ಯಾಂಡು ಆಗದು, ಬೇರೆ ತರದ್ದು ಬೇಕು ಎಂದೆ. ಎತ್ತಪ್ಪನಿಗೆ ಸಿಟ್ಟು ಬಂತು.

"ಕಾಗದ ಅಂದ್ಮೇಲೆ ಕಾಗದ. ಅದ್ರಾಗೆ ನಾಕು ತರ ಯಾಕೆ ಬೇಕು?"

"ಕುಂತ್ಕಳ್ರಿ, ಹೇಳ್ತೀನಿ. ಕಾರ್ಡು ಅಗ್ಗ, ಆದ್ರೆ ದಾರೀಲಿರೋರೆಲ್ಲ ಓದ್ತಾರೆ. ಕ್ಷೇಮಸಮಾಚಾರಕ್ಕೆ ಸಾಕು. ಮನೆ ಗುಟ್ಟಿದ್ರೆ ಇನ್‌ಲ್ಯಾಂಡು, ಆದ್ರೆ ಅದ್ರೊಳಗೆ ಒಂದು ಚೂರೂ ಏನೂ ಇಡಂಗಿಲ್ಲ. ಇಟ್ರೆ ಆಕಡೆಯೋರು ದಂಡ ಕಟ್ಟಬೇಕು, ಬ್ಯಾಡ ಅಂದ್ರೆ ಕಾಗದ ವಾಪಸ್ಸು. ಜೊತೆಗೆ ಬೇರೆ ಕಾಗದ ಕಳಿಸಬೇಕಂದ್ರೆ ಕವರು. ಅರ್ಜಿಯಂಥದ್ದಾದ್ರೆ ಕವರನ್ನ ರಿಜಿಸ್ಟರ್ ಮಾಡಿಸ್ರಿ. ನೀವು ಕುರಿನ ಹಗ್ಗ ಸಮೇತ ಆಳಿನ ಕೈಗೇ ಕೊಡ್ತೀರಲ್ಲ, ಅದೂ ಹಂಗೇ."

"ಮುಟ್ಟಿತು ಅಂತ ನಮಗೆ ಹೆಂಗೆ ಗೊತ್ತಾಗ್ತೈತೆ?"

"ಜೊತೆಗೊಂದು ಅಕ್ನಾಲೆಜ್ಮೆಂಟ್ ಕಾರ್ಡು ಹಚ್ತೀವಿ. ತಗಂಡೋರು ರುಜು ಹಾಕ್ತಾರೆ, ಅದು ನಿಮ್ಮ ಕೈಗೆ ವಾಪಸ್ ಬರ್ತೈತೆ."

"ಮಾರ್ಕ್ಸ್ ಕಾರ್ಡು?" ಜುಂಜಮ್ಮ ಕೇಳಿದಳು.

"ಅಸಲು ಮನೇಲೇ ಇರ್ಲಿ ತಾಯಿ. ಅರ್ಜಿಗೆ ನಕಲು ಸಾಕು ಅಂತ ಕಚೇರಿಯೋರೇ ಪ್ರಕಟಣೇಲಿ ಬರೆದವ್ರೆ."

ಮರುದಿನ ಜುಂಜಮ್ಮ ಮುತ್ತಿನಂಥ ಅಕ್ಷರದಲ್ಲಿ ನಕಲು ಬರೆದಳು. ಹೈಸ್ಕೂಲಿನ ಹೆಡ್ಮಾಸ್ಟರು ಅಸಲಿನ ಜೊತೆ ಹೋಲಿಸಿ ನೋಡಿ, ಸರಿಯಾದ ನಕಲು ಎಂದು ಬರೆದು, ರುಜು ಹಾಕಿ ಮೊಹರು ಒತ್ತಿದರು. ಅರ್ಜಿ, ನಕಲು ಎರಡನ್ನೂ ಹಾಕಿದ ಕವರು ರಿಜಿಸ್ಟರ್ ಆಯಿತು. ಎಂಟನೇ ದಿನಕ್ಕೆ ರುಜುವಿನ ಕಾರ್ಡು ಬಂತು. ಎತ್ತಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇಷ್ಟೇನಾ?" ಎಂದು ಪಂಚೆಯ ಗಂಟಿಗೆ ಕಟ್ಟಿಕೊಂಡ.

ಅಷ್ಟೇ ಆಗಿದ್ದರೆ ಈ ಕಥೆ ಹೇಳುತ್ತಿರಲಿಲ್ಲ. ಪಕ್ಕದೂರಿನ ಹುಡುಗಿಗೆ ಸಂದರ್ಶನದ ಕರೆ ಬಂತು, ಜುಂಜಮ್ಮನಿಗೆ ಬರಲಿಲ್ಲ. ಅವಳು ಎರಡು ದಿನ ಉಣ್ಣಲಿಲ್ಲ. ಕೊನೆಗೆ ಅಪ್ಪ ಮಗಳು ಬಸ್ಸು ಹತ್ತಿ ಆ ಕಚೇರಿಗೇ ಹೋದರು.

"ಆ ಹೆಸರಿನ ಅರ್ಜಿ ಬಂದಿಲ್ಲ," ಎಂದ ಗುಮಾಸ್ತ, ತಲೆ ಎತ್ತದೆ.

ಎತ್ತಪ್ಪ ಪಂಚೆಯ ಗಂಟು ಬಿಚ್ಚಿ ಕಾರ್ಡನ್ನು ಮೇಜಿನ ಮೇಲಿಟ್ಟ. "ನಾನು ಓದಿದೋನಲ್ಲ ಸ್ವಾಮಿ. ಈ ರುಜು ಯಾರದು, ನೀವೇ ಓದಿ ಹೇಳ್ರಿ."

ಗುಮಾಸ್ತ ನೋಡಿದ. ರುಜು ಅವನದೇ. ಎದ್ದು ಹೋಗಿ ಬೀರು ತಡಕಿದ. ಇನ್ನೊಂದು ಕಟ್ಟಿನೊಳಗೆ ಸೇರಿಹೋಗಿದ್ದ ಅರ್ಜಿ ಸಿಕ್ಕಿತು. ಅದೇ ದಿನ ಸಂದರ್ಶನ ನಡೆಯುತ್ತಿತ್ತು, ಜುಂಜಮ್ಮನನ್ನೂ ಒಳಗೆ ಕರೆದರು. ಅಸಲು ಕಾಗದ ತೋರಿಸಿ ಎಂದಾಗ ಜುಂಜಮ್ಮ ಮಾರ್ಕ್ಸ್ ಕಾರ್ಡನ್ನು ಅಲ್ಲೇ ಚೀಲದಿಂದ ತೆಗೆದು ಕೊಟ್ಟಳು. ಇನ್‌ಲ್ಯಾಂಡಿನಲ್ಲಿ ಹೋಗಿದ್ದರೆ ರುಜುವಿನ ಕಾರ್ಡೂ ಇಲ್ಲ, ಅಸಲೂ ಇಲ್ಲ.

ಅವಳು ತರಬೇತಿಗೆ ಹೊರಟ ದಿನ ಇಡೀ ಹಟ್ಟಿ ಬಸ್ಸಿನ ಹತ್ತಿರ ನಿಂತಿತ್ತು. ಎತ್ತಪ್ಪ ಮಗಳ ಅಂಗೈಯಲ್ಲಿ ಒಂದು ಚಿಟಿಕೆ ಕರಿ ಉಣ್ಣೆ ಇಟ್ಟ. "ಕವರಿಗಲ್ಲ ತಾಯಿ, ನೀನು ಇಟ್ಕ. ಯಾರ ಮಗಳು ಅಂತ ಮರೀಬ್ಯಾಡ," ಎಂದ. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ.

ಈಗ ನಮ್ಮ ಹಟ್ಟಿಗಳಿಗೆ ಸೂಜಿಮದ್ದು ಹಾಕಲು ಬರುವ ನರ್ಸಮ್ಮ ಅವಳೇ. ಎಂಥ ಹೆಮ್ಮೆ ನಮಗೆ!

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಜುಂಜಮ್ಮ ಇದ್ದಾಳೆ. ಅವಳ ಅರ್ಜಿಯನ್ನು ಕವರಿನಲ್ಲಿ ಹಾಕಿ, ರಿಜಿಸ್ಟರ್ ಮಾಡಿಸಿ. ಅವರೇ ಕೇಳದ ಹೊರತು ಅಸಲು ಕಾಗದ ಕೈಬಿಡಬೇಡಿ. ಮುಟ್ಟಿತು ಎಂದು ಬರುವ ರುಜುವಿನ ಕಾರ್ಡನ್ನು ಗಂಟು ಹಾಕಿ ಇಟ್ಟುಕೊಳ್ಳಿ. ಗೊತ್ತಾಗದಿದ್ದರೆ ಅಂಟಿಸುವ ಮೊದಲೇ ಜಗಲಿಗೆ ಬನ್ನಿ, ನಾನು ಕುಳಿತೇ ಇರುತ್ತೇನೆ.