ನೇತ್ರಾ ಸೈಕಲ್ ಕಲಿತದ್ದು

ನಲವತ್ತೊಂದನೆಯ ವಯಸ್ಸಿನಲ್ಲಿ ಇಟಲಿಯ ಫ್ಲಾರೆನ್ಸಿಗೆ ಓದಲು ಹೋಗ್ತೀನಿ ಅಂತ ನೇತ್ರಾ ಹೇಳಿದಾಗ ಮೊದಲು ನಕ್ಕವನು ಅವಳ ಮಗ ರೋಹನ್. ಹದಿನೈದು ವರ್ಷದ ಹುಡುಗ. ಅದೆಲ್ಲ ಕಾಲೇಜು ಹುಡುಗರಿಗಮ್ಮ ಅಂತ ಇಂಗ್ಲಿಷಿನಲ್ಲಿ ಹೇಳಿ ಮತ್ತೆ ನಕ್ಕ.

"ನಾನೂ ಕಾಲೇಜಿಗೇ ಹೋಗಾಕತ್ತೀನಲ್ಲೋ," ಅಂದಳು ನೇತ್ರಾ.

ಅದು ನಿಜವೇ. ಗದಗಿನಲ್ಲಿ ಪಿಯುಸಿ ಮುಗಿಸಿ ಮದುವೆಯಾಗಿ ಅಮೆರಿಕದ ಸಿಯಾಟಲ್ ಪಕ್ಕದ ನ್ಯೂಕ್ಯಾಸಲ್ಲಿಗೆ ಬಂದವಳು, ಮಗ ಮಿಡ್ಲ್ ಸ್ಕೂಲಿಗೆ ಸೇರಿದ ವರ್ಷ ತಾನೂ ಕಮ್ಯುನಿಟಿ ಕಾಲೇಜಿಗೆ ಸೇರಿದ್ದಳು. ಒಂದು ಕ್ವಾರ್ಟರಿಗೆ, ಅಂದರೆ ಮೂರು ತಿಂಗಳಿಗೆ, ಎರಡೇ ವಿಷಯ. ಮೂರು ವರ್ಷ ಒಂದು ಕ್ಲಾಸೂ ತಪ್ಪಿಸಿರಲಿಲ್ಲ. ಕಲೆಯ ಇತಿಹಾಸ ಕಲಿಸುವ ಮೇಡಮ್ಮು ಈ ಸಲ, ಅಂದರೆ ಎರಡು ಸಾವಿರದ ಆರರ ವಸಂತದಲ್ಲಿ, ಹದಿನಾಲ್ಕು ವಿದ್ಯಾರ್ಥಿಗಳನ್ನು ಹತ್ತು ವಾರ ಫ್ಲಾರೆನ್ಸಿಗೆ ಕರೆದುಕೊಂಡು ಹೋಗುವವರಿದ್ದರು. ನೇತ್ರಾ ಫಾರಂ ತುಂಬಿ ಊಟದ ಟೇಬಲ್ಲಿನ ಮೇಲಿಟ್ಟಳು.

ಗಂಡ ವಿನಯ ಅದನ್ನು ಎರಡು ಸಲ ಓದಿದ. "ಹತ್ತು ವಾರ ಅಂದ್ರ ಎರಡೂವರಿ ತಿಂಗಳಾತಲ್ಲ."

"ಹೌದ್ರಿ. ಅಷ್ಟೂ ದಿನದ್ದು ರೊಟ್ಟಿ ಬಡದು ಫ್ರೀಜರಿನಾಗ ಇಟ್ಟು ಹೋಗ್ತಾಳ ಅಂತ ತಿಳಕೋಬ್ಯಾಡ್ರಿ. ಅಪ್ಪ ಮಗ ಇಬ್ಬರೂ ಕಲೀರಿ."

ವಿನಯ ಮುಗುಳ್ನಕ್ಕು ಸಹಿ ಮಾಡಿದ. ಆದರೆ ಸುದ್ದಿ ಅಷ್ಟಕ್ಕೇ ನಿಲ್ಲಲಿಲ್ಲ. ಹತ್ತಿರದ ಊರು ಇಸ್ಸಾಕ್ವಾದಲ್ಲಿದ್ದ ಮೈಸೂರಿನ ಪ್ರತಿಭಾ ಆ ಶನಿವಾರವೇ ಕಾರು ಹತ್ತಿ ಬಂದಳು. ಅವಳ ಮಗಳು ಕವನಾ, ಹತ್ತೊಂಬತ್ತರ ಹುಡುಗಿ, ಅದೇ ಕಾಲೇಜು, ಅದೇ ಗುಂಪು.

"ನೀವು ಹೋಗ್ತಿದೀರ ಅಂತ ಗೊತ್ತಾದ್ಮೇಲೇ ನಮ್ಮನೆಯವರು ಹ್ಞೂಂ ಅಂದಿದ್ದು," ಅಂದಳು ಪ್ರತಿಭಾ. "ವೀಕೆಂಡ್ ಬಂತು ಅಂದ್ರೆ ಆ ಮಕ್ಕಳು ಬ್ಯಾಗ್ ಹಾಕ್ಕೊಂಡು ದೇಶದೇಶ ಸುತ್ತುತ್ತಾರಂತೆ. ಎಲ್ಲಿ ಹೋಗ್ತಾರೋ, ಎಲ್ಲಿ ಮಲಗ್ತಾರೋ! ನೀವು ಸ್ವಲ್ಪ ಕಣ್ಣಿಟ್ಟಿರಿ ನೇತ್ರಾ."

ಮನೆಗೆ ಬಂದವರಿಗೆ ಆಗಲ್ಲ ಅನ್ನುವುದು ಹೇಗೆ? ನೇತ್ರಾ ತಲೆಯಾಡಿಸಿದಳು. ಆ ತಲೆಯಾಡಿಸಿದ್ದು ಎಷ್ಟು ದುಬಾರಿ ಅಂತ ಅವಳಿಗೆ ಗೊತ್ತಾದದ್ದು ಫ್ಲಾರೆನ್ಸಿಗೆ ಹೋದ ಮೇಲೆ.

ಅಲ್ಲಿ ಸೋಮವಾರದಿಂದ ಗುರುವಾರದವರೆಗೆ ಪಾಠ. ಗುರುವಾರ ಸಂಜೆ ಹುಡುಗರೆಲ್ಲ ಸ್ಟೇಷನ್ನಿಗೆ ಓಡುತ್ತಿದ್ದರು. ಒಂದು ವಾರ ಬಾರ್ಸಿಲೋನಾ, ಒಂದು ವಾರ ಪ್ಯಾರಿಸ್. ಸೋಮವಾರ ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದು, ರೈಲು ತಪ್ಪಿದ ಕಥೆ, ಚೀಲ ಕಳೆದ ಕಥೆ, ಪ್ಲಾಟ್‌ಫಾರಮ್ಮಿನಲ್ಲಿ ಮಲಗಿದ ಕಥೆ ಹೇಳಿ ಹೇಳಿ ನಗುತ್ತಿದ್ದರು. ಕವನಾ ಕೇಳುತ್ತ ಕೂತಿರುತ್ತಿದ್ದಳು. ಆಂಟಿ ಹೋದಲ್ಲಿಗೆ ಮಾತ್ರ ಹೋಗಬೇಕು ಅಂತ ಅವಳಮ್ಮನ ಕಟ್ಟಪ್ಪಣೆ. ಆಂಟಿ ಹೋಗುತ್ತಿದ್ದದ್ದು ಚರ್ಚುಗಳಿಗೆ, ಮ್ಯೂಸಿಯಮ್ಮುಗಳಿಗೆ, ಕೈಯಲ್ಲೊಂದು ನೋಟ್‌ಬುಕ್ ಹಿಡಿದು. ಹುಡುಗಿ ಮುಖ ಊದಿಸಿಕೊಂಡು ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದಳು. ನೇತ್ರಾಗೂ ಅದು ಹಿಂಸೆಯೇ. ಓದಲು ಬಂದವಳು ಕಾವಲುಗಾರ್ತಿಯಾಗಿ ಕೂತಂತಾಗಿತ್ತು.

ಮೂರನೆಯ ಶುಕ್ರವಾರ ಕವನಾ ಅವಳ ಕೋಣೆಯ ಬಾಗಿಲು ತಟ್ಟಿದಳು. ಕೈಯಲ್ಲೊಂದು ನಕಾಶೆ. ಜೂನ್ ಎರಡರ ಶುಕ್ರವಾರ ಇಟಲಿಗೆಲ್ಲ ರಜೆ. ಆ ವಾರ ಟೈಲರ್ ಎಂಬ ಹುಡುಗ ಒಂದು ಪ್ರವಾಸ ಹಾಕಿದ್ದ. ರಾತ್ರಿಯ ರೈಲು ಹತ್ತಿ ಜರ್ಮನಿಯ ಪಸ್ಸಾವಿಗೆ ಹೋಗುವುದು. ಅಲ್ಲಿ ಬಾಡಿಗೆಗೆ ಸೈಕಲ್ ತೆಗೆದುಕೊಂಡು ಡ್ಯಾನ್ಯೂಬ್ ನದಿಯ ದಂಡೆ ಹಿಡಿದು ಮೂರು ದಿನಕ್ಕೆ ಆಸ್ಟ್ರಿಯಾದ ಲಿಂಟ್ಸ್ ತಲುಪುವುದು. ನೂರು ಕಿಲೋಮೀಟರು. ಕವನಾಳೂ ಸೇರಿದರೆ ಆರು ಜನ.

ಕವನಾ ಇಂಗ್ಲಿಷಿನಲ್ಲೇ ಒಂದೇ ಉಸಿರಿಗೆ ಹೇಳಿದಳು: ಅಮ್ಮ ಒಪ್ಪಲ್ಲ, ನೀವು ಬಂದರೆ ಮಾತ್ರ ಅಂತಾಳೆ. ನಿಮಗೆ ಸೈಕಲ್ ಬರುತ್ತಾ?

"ಬರೋದಿಲ್ಲ."

ಹುಡುಗಿಯ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ನೇತ್ರಾ ನಕಾಶೆಯನ್ನು ಮಂಚದ ಮೇಲೆ ಹರವಿದಳು. ನೀಲಿ ಗೆರೆ ಬೆಟ್ಟಗಳ ನಡುವೆ ಸುತ್ತಿ ಸುತ್ತಿ ಹೋಗಿತ್ತು. ಗದಗಿನಲ್ಲಿ ಅವಳ ಅಣ್ಣ ವೀರಣ್ಣನಿಗೊಂದು ಸೈಕಲ್ ಇತ್ತು. ಅವಳು ಕ್ಯಾರಿಯರ್ ಮೇಲೆ ಕೂತವಳೇ ಹೊರತು ಹ್ಯಾಂಡಲ್ ಮುಟ್ಟಿದವಳಲ್ಲ. ಮುಟ್ಟಬೇಡ ಅಂತ ಯಾರೂ ಅಂದಿರಲಿಲ್ಲ, ಮುಟ್ಟು ಅಂತಲೂ ಅಂದಿರಲಿಲ್ಲ. ಅಮೆರಿಕಕ್ಕೆ ಬಂದು ಕಾರು ಕಲಿತಳು, ಸೈಕಲ್ಲಿನ ನೆನಪೇ ಬರಲಿಲ್ಲ.

"ಇವತ್ತು ಏಪ್ರಿಲ್ ಇಪ್ಪತ್ತೊಂದು," ಅಂದಳು. "ಇನ್ನೂ ಆರು ವಾರ ಇದೆ. ನೀನು ಕಲಿಸ್ತೀಯಾ?"

ಮರುದಿನ ಬೆಳಿಗ್ಗೆ ಇಬ್ಬರೂ ನದಿಯ ಪಕ್ಕದ ದೊಡ್ಡ ಪಾರ್ಕಿಗೆ ಹೋದರು. ಅಲ್ಲಿ ಆಲ್ದೋ ಎಂಬ ಮುದುಕ ಸೈಕಲ್ ಬಾಡಿಗೆಗೆ ಕೊಡುತ್ತಿದ್ದ. ನೇತ್ರಾಳನ್ನು ಮೇಲಿಂದ ಕೆಳಗೆ ನೋಡಿ, ಒಂದು ಸಣ್ಣ ಸೈಕಲ್ ಆರಿಸಿ, ಸೀಟು ತಗ್ಗಿಸಿ, ಸ್ಪ್ಯಾನರ್ ತಂದು ಎರಡೂ ಪೆಡಲ್ ಬಿಚ್ಚಿಬಿಟ್ಟ. ಮೊದಲು ಕಾಲಿನಿಂದ ನೆಲ ಒದ್ದು ತೇಲುವುದನ್ನು ಕಲಿ, ತುಳಿಯುವುದು ಆಮೇಲೆ ಅಂತ ಕೈಸನ್ನೆ ಮಾಡಿ ತೋರಿಸಿದ. ನಾಲ್ಕು ವರ್ಷದ ಮಕ್ಕಳು ಅವಳ ಪಕ್ಕದಲ್ಲೇ ಸರ್ರನೆ ಹಾದು ಹೋಗುತ್ತಿದ್ದರು. ನೇತ್ರಾ ಪ್ಯಾಂಟಿನ ಕಾಲು ಮಡಚಿ, ಬಾತುಕೋಳಿಯ ಹಾಗೆ ನೆಲ ಒದೆಯುತ್ತ ಇಡೀ ಬೆಳಿಗ್ಗೆ ಕಳೆದಳು.

ಎರಡನೆಯ ವಾರ ಪೆಡಲ್ ಬಂತು, ಅದರ ಜೊತೆಗೇ ಬೀಳುವುದೂ ಬಂತು. ಕವನಾ ಸೀಟಿನ ಹಿಂಭಾಗ ಹಿಡಿದು ಓಡುತ್ತಿದ್ದಳು. ಓಡುವಾಗ ಹುಡುಗಿಯ ಬಾಯಿಂದ ಕನ್ನಡ ತಾನಾಗಿ ಬರುತ್ತಿತ್ತು, ಅದೂ ಥೇಟ್ ಅವಳಮ್ಮನ ದನಿಯಲ್ಲಿ: "ಮುಂದೆ ನೋಡಿ ಆಂಟಿ! ಕೆಳಗೆ ನೋಡ್ಬೇಡಿ! ಎಷ್ಟು ಸಲ ಹೇಳ್ಲಿ?"

ಕೈ ಬಿಟ್ಟ ಕೂಡಲೇ ಹ್ಯಾಂಡಲ್ ತಿರುಗಿ ಆಂಟಿ ಹುಲ್ಲಿನಲ್ಲಿ. ಮೊಣಕಾಲು ತರಚಿ, ಮೊಣಕೈ ಊದಿ, ಸೂಟ್‌ಕೇಸಿನಲ್ಲಿ ತಂದಿದ್ದ ಅರಿಶಿನವೆಲ್ಲ ಅಡುಗೆಗಿಂತ ಗಾಯಕ್ಕೇ ಖರ್ಚಾಯಿತು.

"ಬ್ಯಾಡ ಬಿಡು ನೇತ್ರಾ," ಅಂದ ವಿನಯ ಫೋನಿನಲ್ಲಿ. "ಎಲುಬು ಮುರಕೊಂಡ್ರ ಅಲ್ಲಿ ಯಾರದಾರ ನೋಡಾಕ?"

"ಮುರದ್ರ ಅವಾಗ ನೋಡೂಣು. ಇನ್ನಾ ಮುರದಿಲ್ಲಲ್ರಿ."

ಮಧ್ಯದಲ್ಲೊಂದು ವಾರ ಹುಡುಗರೆಲ್ಲ ಅಗ್ಗದ ವಿಮಾನ ಹಿಡಿದು ಲಂಡನ್ನಿಗೆ ಹೋದರು. ನೇತ್ರಾಳದು ಇನ್ನೂ ಭಾರತದ ಪಾಸ್‌ಪೋರ್ಟು, ಅಲ್ಲಿಗೆ ಬೇರೆ ವೀಸಾ ಬೇಕು. ಹಾಗಾಗಿ ಕವನಾಳೂ ಉಳಿದಳು. ಆ ಶನಿವಾರವೇ, ಸೀಟು ಹಿಡಿದಿದ್ದ ಕೈ ಯಾವಾಗ ಬಿಟ್ಟಿತೋ ತಿಳಿಯದೆ, ನೇತ್ರಾ ಸಾಲುಮರಗಳ ಕೆಳಗೆ ಇನ್ನೂರು ಮೀಟರು ಒಬ್ಬಳೇ ಹೋದಳು. ತಿರುಗಿಸಲು ಮಾತ್ರ ಬರಲಿಲ್ಲ. ಬೇಲಿಗೆ ನುಗ್ಗಿ ಬಿದ್ದಳು. ಎದ್ದು ನೋಡಿದರೆ ದೂರದಲ್ಲಿ ಕವನಾ ಕುಣಿಯುತ್ತಿದ್ದಾಳೆ, ಆಲ್ದೋ ತಲೆಯ ಮೇಲಿನ ಟೋಪಿ ತೆಗೆದು ಬೀಸುತ್ತಿದ್ದಾನೆ. ನೇತ್ರಾ ಸೈಕಲ್ ಎತ್ತಿ ನಿಲ್ಲಿಸಿದಳು. ಇನ್ನೊಂದು ಸಲ, ಅಂದಳು. ಆಮೇಲೆ ಮತ್ತೊಂದು ಸಲ. ಮಧ್ಯಾಹ್ನದ ಹೊತ್ತಿಗೆ ಎಡಕ್ಕೆ ತಿರುಗುವುದು ಬಂತು. ಬಲಕ್ಕೆ ತಿರುಗಲು ಇನ್ನೊಂದು ವಾರ ಹಿಡಿಯಿತು.

ಮೇ ತಿಂಗಳ ಕೊನೆಯ ಭಾನುವಾರ ಪ್ರತಿಭಾಳ ಫೋನು ಬಂತು.

"ನೇತ್ರಾ, ನಾವಿಬ್ಬರೂ ಕೂತು ಯೋಚನೆ ಮಾಡಿದ್ವಿ. ಅವಳಿಗೂ ಹತ್ತೊಂಬತ್ತಾಯ್ತು. ಎಲ್ಲರ ಜೊತೆ ಹೋಗಿ ಬರ್ಲಿ ಬಿಡಿ. ಪಾಪ, ನಮ್ಮಿಂದ ನಿಮಗೆಷ್ಟು ತೊಂದ್ರೆ! ಬಿದ್ದು ಗಾಯ ಬೇರೆ ಮಾಡ್ಕೊಂಡಿದೀರಂತೆ. ನೀವು ಆರಾಮಾಗಿರಿ."

ನೇತ್ರಾ ಫೋನಿಟ್ಟು ಮಂಚದ ಮೇಲೆ ಕೂತಳು. ನಿರಾಳ ಅನ್ನಿಸಬೇಕಿತ್ತು. ಊಟಕ್ಕೆ ಕೂತವಳ ಮುಂದಿನ ತಾಟು ಯಾರೋ ಎತ್ತಿಕೊಂಡು ಹೋದ ಹಾಗೆ ಅನ್ನಿಸಿತು. ಅಷ್ಟರಲ್ಲಿ ಕವನಾ ಓಡಿ ಬಂದು ತಬ್ಬಿಕೊಂಡಳು. ಗೊತ್ತಾಯ್ತಾ ಆಂಟಿ, ಇನ್ನು ನೀವು ಬರಲೇಬೇಕು ಅಂತೇನಿಲ್ಲ, ಅಂದಳು.

"ಬರ್ತೀನಿ," ಅಂದಳು ನೇತ್ರಾ.

ಕವನಾಳ ಕೈ ಸಡಿಲಾಯಿತು. ಮರುದಿನ ವಿಷಯ ಕೇಳಿದ ಟೈಲರನ ಮುಖವೂ ಸಪ್ಪಗಾಯಿತು. ಒಳ್ಳೆಯ ಹುಡುಗನೇ. ನಕಾಶೆಯ ಮೇಲಿನ ದೂರಗಳನ್ನು ಮತ್ತೆ ಮತ್ತೆ ಬೆರಳಿನಿಂದ ಅಳೆದ. ನೇತ್ರಾಗೆ ಅರ್ಥವಾಯಿತು.

"ನನಗಾಗಿ ಎಲ್ಲೂ ಕಾಯಬೇಡಿ," ಅಂತ ಎಲ್ಲರೆದುರು ಇಂಗ್ಲಿಷಿನಲ್ಲಿ ಹೇಳಿದಳು. "ನಕಾಶೆಯ ಒಂದು ಪ್ರತಿ, ಮಲಗುವ ಜಾಗದ ವಿಳಾಸ ಕೊಡಿ ಸಾಕು. ನಾನು ಬಂದು ಸೇರ್ತೀನಿ."

ಪಸ್ಸಾವಿನಿಂದ ಹೊರಟ ಮೊದಲ ದಿನ ಇಪ್ಪತ್ತೈದು ಕಿಲೋಮೀಟರು. ಬಿಸಿಲಿತ್ತು, ದಾರಿ ಸಪಾಟಾಗಿತ್ತು. ಹುಡುಗರು ತಲುಪಿ ಒಂದು ತಾಸಿಗೆ ಅವಳೂ ತಲುಪಿದಳು. ಬೀಗಿದಳು ಕೂಡ. ಎರಡನೆಯ ದಿನ ಬೆಳಿಗ್ಗೆ ಏಳುವಾಗ ತೊಡೆಗಳು ಕಲ್ಲಾಗಿದ್ದವು, ಹೊರಗೆ ಜಿಟಿಜಿಟಿ ಮಳೆ. ಮಳೆ ಅವಳಿಗೇನೂ ಹೊಸದಲ್ಲ. ಹದಿನೆಂಟು ವರ್ಷ ಸಿಯಾಟಲ್ ಮಳೆಯಲ್ಲಿ ಕೊಡೆಯಿಲ್ಲದೆ ಓಡಾಡಿದವಳು. ಆದರೆ ಈ ದಿನದ ದಾರಿ ನಲವತ್ತು ಕಿಲೋಮೀಟರು. ಅದೂ ಸಾಲದೆಂದು ಒಂದು ಕಡೆ ಈ ದಂಡೆಯ ದಾರಿ ಬೆಟ್ಟಕ್ಕೆ ಬಡಿದು ನಿಲ್ಲುತ್ತಿತ್ತು. ಅಲ್ಲಿಂದ ಸೈಕಲ್ಲಿನ ಸಮೇತ ಸಣ್ಣ ದೋಣಿ ಹತ್ತಿ ಹೊಳೆ ದಾಟಬೇಕು. ಕೊನೆಯ ದೋಣಿ ಸಂಜೆ ಆರಕ್ಕೆ.

ಹುಡುಗರು ಹೊರಟು ಮರೆಯಾದರು. ಕವನಾ ಒಂದು ಸಲ ಹಿಂತಿರುಗಿ ನೋಡಿದಳು. ಹೋಗು ಹೋಗು ಅಂತ ನೇತ್ರಾ ಕೈ ಬೀಸಿದಳು.

ಮಧ್ಯಾಹ್ನದವರೆಗೆ ಎಲ್ಲ ನೆಟ್ಟಗಿತ್ತು. ಆಮೇಲೆ ಒಂದು ಸಣ್ಣ ಏರಿನಲ್ಲಿ ಗೇರು ಬದಲಿಸಲು ಹೋಗಿ ಚೈನು ಕಳಚಿ ಬಿತ್ತು. ಕಾಲು ಗಿರ್ರನೆ ಖಾಲಿ ತಿರುಗಿ ಅವಳೂ ಬಿದ್ದಳು. ದಾರಿಯಲ್ಲಿ ನರಪಿಳ್ಳೆಯಿಲ್ಲ. ಒಂದು ಕಡೆ ಕಾಡು, ಇನ್ನೊಂದು ಕಡೆ ಕಂದು ಬಣ್ಣದ ಹೊಳೆ. ಕವನಾ ಸೈಕಲ್ ತುಳಿಯಲು ಕಲಿಸಿದ್ದಳು, ಚೈನು ಹಾಕಲು ಕಲಿಸಿರಲಿಲ್ಲ. ನೇತ್ರಾ ಮಳೆಯಲ್ಲೇ ಕುಕ್ಕರಗಾಲಲ್ಲಿ ಕೂತಳು. ಮೇಲಿನ ಹಲ್ಲಿಗೆ ಹಾಕಿದರೆ ಕೆಳಗೆ ಬಿಡುತ್ತಿತ್ತು, ಕೆಳಗೆ ಹಾಕಿದರೆ ಮೇಲೆ. ಬೆರಳೆಲ್ಲ ಕರಿ ಎಣ್ಣೆ. ಒಮ್ಮೆ ಜೋರಾಗಿ ಅಳು ಬಂತು. ಯಾರೂ ಇರಲಿಲ್ಲವಾದ್ದರಿಂದ ಅತ್ತಳು. ಅತ್ತು, ಮೂಗೊರೆಸಿಕೊಂಡು ಮತ್ತೆ ಕೂತಳು. ಕೊನೆಗೆ ಸೈಕಲ್ಲನ್ನೇ ತಲೆಕೆಳಗೆ ನಿಲ್ಲಿಸಿ, ಒಂದು ಕೈಯಲ್ಲಿ ಚೈನು ಹಲ್ಲಿಗಿಟ್ಟು ಇನ್ನೊಂದು ಕೈಯಲ್ಲಿ ಪೆಡಲ್ ಹಿಂದಕ್ಕೆ ತಿರುಗಿಸಿದಾಗ ಟಕಟಕ ಅಂತ ಕೂತುಕೊಂಡಿತು. ಗಡಿಯಾರ ನೋಡಿದರೆ ಐದಕ್ಕೆ ಹತ್ತು ನಿಮಿಷ. ದೋಣಿಗೆ ಇನ್ನೂ ಹನ್ನೆರಡು ಕಿಲೋಮೀಟರು.

ಆಮೇಲಿನದು ಅವಳಿಗೆ ಸರಿಯಾಗಿ ನೆನಪಿಲ್ಲ. ಹೊಳೆ ನೋಡಲಿಲ್ಲ, ಬೆಟ್ಟ ನೋಡಲಿಲ್ಲ. ತುಳಿದಳು. ಉಸಿರು ಸಾಲದಾದಾಗ ಇಳಿದು ತಳ್ಳಿದಳು, ಮತ್ತೆ ಹತ್ತಿದಳು. ದಂಡೆಗೆ ಬಂದಾಗ ದೋಣಿಯವನು ಹಗ್ಗ ಬಿಗಿಯುತ್ತಿದ್ದ. ಅವಳನ್ನು, ಅವಳ ಕೈಯನ್ನು, ಕೆಸರು ಮೆತ್ತಿದ ಮುಖವನ್ನು ನೋಡಿದ. ಹಗ್ಗ ಬಿಚ್ಚಿ, ಸೈಕಲ್ಲನ್ನು ತಾನೇ ಎತ್ತಿ ದೋಣಿಯೊಳಗಿಟ್ಟ.

ಹುಡುಗರು ಉಳಿದಿದ್ದ ಮನೆ ಆಚೆ ದಂಡೆಯಿಂದ ಸ್ವಲ್ಪ ದೂರ. ಬಾಗಿಲು ತೆಗೆದಾಗ ಆರೂ ಜನ ಮೇಜಿನ ಸುತ್ತ ಕೂತು ಉಣ್ಣುತ್ತಿದ್ದರು. ಕವನಾ ದಡಬಡ ಎದ್ದಳು. "ಆಂಟಿ! ನಾನು... ನಾನು ಕಾಯ್ಬೇಕಿತ್ತು. ಸಾರಿ ಆಂಟಿ."

"ಕಾಯಬ್ಯಾಡ ಅಂತ ನಾನೇ ಹೇಳಿದ್ದೆನಲ್ಲ ಹುಡುಗೀ. ಆ ಸೂಪ್ ಇನ್ನೂ ಇದೆಯಾ?"

ಟೈಲರ್ ತನ್ನ ಬಟ್ಟಲನ್ನೇ ಅವಳ ಕಡೆ ಸರಿಸಿದ. ಚೈನಿನ ಕಥೆ ಅವಳು ಹೇಳಿದಳು, ಎಲ್ಲರೂ ಕೇಳಿ ನಕ್ಕರು. ಅವಳೂ ನಕ್ಕಳು. ಅತ್ತದ್ದನ್ನು ಮಾತ್ರ ಹೇಳಲಿಲ್ಲ.

ಕೊನೆಯ ದಿನ ಯಾರೂ ಓಡಲಿಲ್ಲ. ಕವನಾ ಅವಳ ಪಕ್ಕದಲ್ಲೇ ಬಂದಳು. ಮಧ್ಯಾಹ್ನ ಲಿಂಟ್ಸಿನ ಸೇತುವೆಯ ಕೆಳಗೆ ಇಳಿದಾಗ ನೇತ್ರಾಗೆ ನೆಟ್ಟಗೆ ನಿಲ್ಲಲೂ ಆಗಲಿಲ್ಲ. ಕಂಬಕ್ಕೆ ಒರಗಿ ಪ್ರತಿಭಾಗೆ ಫೋನ್ ಮಾಡಿದಳು. ಇಸ್ಸಾಕ್ವಾದಲ್ಲಿ ಆಗ ಬೆಳಗಿನ ಜಾವ. ಪ್ರತಿಭಾ ಗಾಬರಿಯಿಂದ ಎತ್ತಿಕೊಂಡಳು.

"ಏನಾಯ್ತು ನೇತ್ರಾ? ಕವನಾ?"

"ಆರಾಮಿದಾಳೆ. ಒಂದು ಮಾತು ಹೇಳಬೇಕಿತ್ತು. ಈ ಪ್ರವಾಸದಲ್ಲಿ ನಾನು ಅವಳನ್ನ ನೋಡ್ಕೊಳ್ಳಲಿಲ್ಲ. ಅವಳು ಮುಂದಿದ್ಲು, ನಾನು ಎಷ್ಟೋ ಮೈಲಿ ಹಿಂದಿದ್ದೆ. ಅವಳು ತಾನೇ ಚೆನ್ನಾಗಿ ಬಂದು ಸೇರಿದಾಳೆ. ಇನ್ನು ಮೇಲೆ ವೀಕೆಂಡಿನ ವಿಷಯ ಅವಳನ್ನೇ ಕೇಳಿ, ಆಯ್ತಾ?"

ಪ್ರತಿಭಾ, "ನೀವು ನಿಜವಾಗ್ಲೂ ಅಷ್ಟು ದೂರ ತುಳಿದ್ರಾ?" ಅಂದಳು.

"ಪೂರ್ತಿ ತುಳಿದೆ ಅಂದ್ರೆ ಸುಳ್ಳಾಗುತ್ತೆ. ಒಂದಷ್ಟು ತಳ್ಳಿದೆ."

ಜೂನ್ ಮುಗಿಯುವಷ್ಟರಲ್ಲಿ ನೇತ್ರಾ ನ್ಯೂಕ್ಯಾಸಲ್ಲಿಗೆ ವಾಪಸಾದಳು. ಆ ಫೋನಿನ ಮಾತಿಗೆ ಮುನಿದ ಪ್ರತಿಭಾ ಮೂರು ವಾರ ಫೋನ್ ಮಾಡಲಿಲ್ಲ. ನಾಲ್ಕನೆಯ ವಾರ ಬಿಸಿಬೇಳೆಬಾತಿನ ಡಬ್ಬಿ ಹಿಡಿದು ಬಂದು, ಏನೂ ಆಗಿಲ್ಲದವಳ ಹಾಗೆ ಎರಡು ತಾಸು ಹರಟೆ ಹೊಡೆದು ಹೋದಳು. ಅಷ್ಟರೊಳಗೆ ನೇತ್ರಾ ಪಕ್ಕದ ಬೀದಿಯ ಗರಾಜ್ ಸೇಲಿನಲ್ಲಿ ಒಂದು ಹಳೆಯ ಕೆಂಪು ಸೈಕಲ್ ಕೊಂಡಿದ್ದಳು. ಅವರ ಮನೆ ಇರುವುದು ಗುಡ್ಡದ ನೆತ್ತಿಯಲ್ಲಿ. ಇಳಿಯುವುದು ಸಲೀಸು, ಹತ್ತುವುದು ಯಮಯಾತನೆ.

"ನಾ ಕಾರ್ ತಂದು ಏರಿಸಿಕೊಂಡು ಬರಲೇನು?" ಅಂತ ಮೊದಲ ದಿನ ಕೆಳಗಿನಿಂದ ಫೋನ್ ಮಾಡಿದವಳನ್ನು ವಿನಯ ಕೇಳಿದ.

"ಬ್ಯಾಡ್ರಿ. ಅನ್ನಕ್ಕಿಡ್ರಿ, ಬರ್ತೀನಿ."

ಆ ದಿನ ಪೂರ್ತಿ ತಳ್ಳಿಕೊಂಡೇ ಬಂದಳು. ಜುಲೈ ಕೊನೆಗೆ ಗುಡ್ಡದ ಕೆಳಭಾಗದ ಅಂಚೆ ಡಬ್ಬಿಗಳ ಸಾಲಿನವರೆಗೆ ತುಳಿದು ಬಂದಳು. ಆಗಸ್ಟಿನಲ್ಲಿ ಅದಕ್ಕೂ ಮೇಲಿನ ಮೊದಲನೆಯ ತಿರುವಿನವರೆಗೆ. ಹೊಸ ಕ್ವಾರ್ಟರ್ ಶುರುವಾಗಿ ಮಳೆ ಹಿಡಿಯುವ ಹೊತ್ತಿಗೆ, ಒಂದು ಶನಿವಾರ ಮಧ್ಯಾಹ್ನ, ಎಲ್ಲೂ ಕಾಲು ನೆಲಕ್ಕೂರದೆ ಮನೆಯ ಬಾಗಿಲಿನವರೆಗೂ ಬಂದಳು.