ನಾಲ್ಕು ಕೊಂಡಿ

ಮೂರನೆಯ ಕೈಗಡಿಯಾರವೂ ಹಾಲೇಶಪ್ಪನ ಮಣಿಕಟ್ಟಿಗೆ ಕೂಡಲಿಲ್ಲ. ಅಂಗಡಿಯ ಶಮಶೇರಸಾಬ ಚೈನಿನ ಎರಡೂ ತುದಿ ಹಿಡಿದು ಮೆಲ್ಲಗೆ ಎಳೆದು ನೋಡಿದ. ನಡುವೆ ಒಂದು ಬೆರಳು ಹಾಯುವಷ್ಟು ಜಾಗ ಉಳಿದೇ ಉಳಿಯಿತು.

"ಹಾಲೇಶಪ್ಪಾರ, ನಲವತ್ತು ವರ್ಷದಾಗ ಇಂಥಾ ಕೈ ನೋಡಿಲ್ಲ ನಾನು," ಎಂದು ಸಾಬ ಗಡಿಯಾರವನ್ನು ಮಖಮಲ್ಲಿನ ತಟ್ಟೆಗೆ ಮರಳಿ ಇಟ್ಟ.

"ಕುಸ್ತಿ ಬಿಟ್ಟು ಮೂವತ್ತು ವರ್ಷ ಆತ್ರಿ ಸಾಬ್ರ. ಕೈ ಇನ್ನೂ ಬಿಟ್ಟಿಲ್ಲ," ಎಂದ ಹಾಲೇಶಪ್ಪ.

ಅವನ ಹೆಂಡತಿ ಮುತ್ತವ್ವ ಹಿಂದಿನ ಕುರ್ಚಿಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಚಹಾ ಆರಿಸುತ್ತಿದ್ದಳು. ಮೇಡ್ಲೇರಿಯಿಂದ ಬೆಳಗ್ಗೆಯೇ ಹೊರಟವರು ಮೊದಲು ಹಾವೇರಿಯ ಎರಡು ಅಂಗಡಿ ತಿರುಗಿ, ಈಗ ರಾಣೆಬೆನ್ನೂರಿಗೆ ಬಂದು ಕೂತಿದ್ದರು. "ಹಾವೇರ್ಯಾಗೂ ಆಗಲಿಲ್ಲ, ಇಲ್ಲೂ ಆಗವೊಲ್ದು. ಬಂಗಾರದ ಅಂಗಡಿಗೆ ಹೋಗಿದ್ರ ಹತ್ತು ನಿಮಿಷದ ಕೆಲಸ ಇತ್ತು," ಎಂದಳು. ಈ ಮಾತನ್ನು ಆಕೆ ಬಸ್ಸಿನಲ್ಲಿಯೂ ಎರಡು ಸಲ ಹೇಳಿದ್ದಳು.

ಹಾಲೇಶಪ್ಪ ಬಸ್ಸಿನಲ್ಲಿ ಕೊಟ್ಟ ಉತ್ತರವನ್ನೇ ಮತ್ತೆ ಕೊಟ್ಟ. "ನಮ್ಮವ್ವನ ಬೋರಮಾಳ ಸರ ಎಲ್ಲಿ ಹೋತು? ಮೊದಲು ಕರಗಿಸಿ ಪಾಟ್ಲಿ ಬಳಿ ಮಾಡಿಸಿದ್ವಿ. ಪಾಟ್ಲಿ ಕರಗಿಸಿ ಸೊಸೀಗೆ ಝುಮಕಿ ಮಾಡಿಸಿದ್ವಿ. ಈಗ ಆ ಝುಮಕಿ ನೋಡಿ ಇದು ನಮ್ಮವ್ವಂದು ಅಂತ ಯಾರಿಗೆ ಗೊತ್ತಾಗ್ತೈತಿ ಹೇಳು? ಬಂಗಾರಕ್ಕ ನೆಪ್ಪು ಇರೂದಿಲ್ಲ."

ಮುತ್ತವ್ವ ಬ್ಯಾಡಗಿಯ ಅಕ್ಕಸಾಲಿಗರ ಓಣಿಯಲ್ಲಿ ಬೆಳೆದವಳು. ಬಂಗಾರದ ಬಗ್ಗೆ ಇಂಥ ಮಾತು ಆಕೆಗೆ ಸೇರಲಿಲ್ಲ. ಆದರೂ ಅತ್ತೆಯ ಬೋರಮಾಳ ಕರಗಿಸಿದ ದಿನ ಪಕ್ಕದಲ್ಲಿ ಕೂತವಳು ತಾನೇ ಆಗಿದ್ದರಿಂದ ಚಹಾದ ಕಡೆ ತಿರುಗಿದಳು.

ಹಾಲೇಶಪ್ಪನಿಗೆ ಈ ಗಡಿಯಾರದ ಹುಕಿ ಹತ್ತಿದ್ದು ಅಪ್ಪನ ವರ್ಷದ ಕಾರ್ಯದ ದಿನ. ಮಗ ಸಿದ್ದಲಿಂಗೇಶನ ಮಗಳು ಪ್ರಿಯಾಂಕಾ ಫೋಟೋದ ಮುಂದೆ ನಿಂತು, "ಮುತ್ತಜ್ಜನ ವಸ್ತು ಏನರ ಐತೇನಜ್ಜಾ? ನೋಡ್ತೇನಿ," ಎಂದಿದ್ದಳು. ಹಾಲೇಶಪ್ಪ ಮನೆಯೆಲ್ಲ ಹುಡುಕಿದ. ಧೋತರ ದಾನಕ್ಕೆ ಹೋಗಿದ್ದವು, ಬಡಿಗೆ ಮುರಿದಿತ್ತು. ಹೊಲ ಇತ್ತು, ನಿಜ; ಆದರೆ ಹೊಲವನ್ನು ಅಪ್ಪನ ಮೈಮೇಲೆ ಯಾರೂ ನೋಡಿರಲಿಲ್ಲ. ಅಂದಿನಿಂದ ತನ್ನ ಮೈಗೆ ಹತ್ತಿಕೊಂಡೇ ಇರುವ, ತನ್ನ ನಂತರವೂ ಓಡುವ ಒಂದು ವಸ್ತು ಬೇಕೆಂಬುದು ತಲೆಯಲ್ಲಿ ಕೂತುಬಿಟ್ಟಿತು. ಈ ಸಲ ಬೀಜದ ಕಂಪನಿಗೆಂದು ಬೆಳೆದ ಬೆಂಡಿ ಪ್ಲಾಟು ಕೈ ಹಿಡಿದಿತ್ತು. ಕಂಪನಿಯ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೆಂಟು ಬೀಜ ಮೊಳಕೆ ಒಡೆದಿದ್ದವು. ಈಗ ಆಗದಿದ್ದರೆ ಇನ್ನೆಂದೂ ಆಗುವುದಿಲ್ಲ ಎಂದು ಹೊರಟೇಬಿಟ್ಟಿದ್ದ.

ಶಮಶೇರಸಾಬ ಒಳಗಿನ ಕಪಾಟಿನಿಂದ ಇನ್ನೊಂದು ಡಬ್ಬಿ ತಂದ. ಒಮ್ಮೆ ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ರಿಪೇರಿ ಮಾಡುತ್ತಿದ್ದವನು ಈಗ ಮಗ ನಯಾಜನ ಜೊತೆ ಗಾಜಿನ ಬಾಗಿಲಿನ ಈ ಗಡಿಯಾರದ ಅಂಗಡಿ ನಡೆಸುತ್ತಿದ್ದ. ದೊಡ್ಡ ಬೆಲೆಯ ವಿದೇಶಿ ಗಡಿಯಾರಗಳನ್ನು ನಯಾಜ ಹುಬ್ಬಳ್ಳಿಯಿಂದ ತರಿಸುತ್ತಿದ್ದ.

ಡಬ್ಬಿಯಲ್ಲಿದ್ದುದು ಬಂಗಾರದ ಬಣ್ಣದ್ದು. ಹನ್ನೆರಡು ಅಂಕಿಗಳ ಜಾಗದಲ್ಲಿ ಹನ್ನೆರಡು ಹರಳು. ಸಾಬ ಅದನ್ನು ತೊಡಿಸಿ ಒತ್ತಿದ. ಟಕ್ಕೆಂದು ಕೂತಿತು.

ಹಾಲೇಶಪ್ಪ ಎದ್ದು ಕನ್ನಡಿಯ ಮುಂದೆ ನಿಂತ. ಕೈ ಕೆಳಗೆ ಬಿಟ್ಟು ನೋಡಿದ, ಮೀಸೆಯ ಹತ್ತಿರ ಒಯ್ದು ನೋಡಿದ. ಹೊಳೆಯ ಆಚೆ ದಂಡೆಯಲ್ಲಿ ನಿಂತವನಿಗೂ ಕಾಣುವಂಥ ಹೊಳಪು. ಮುತ್ತವ್ವನ ಮುಖ ಕೂಡ ಸಡಿಲಾಯಿತು. "ಇದು ನೋಡಾಕರ ಬಂಗಾರದಂಗ ಐತಿ," ಎಂದಳು.

ಅಷ್ಟರಲ್ಲಿ ಮಗಳು ಅಂಜಲಿ ಬಾಗಿಲು ತಳ್ಳಿಕೊಂಡು ಬಂದಳು. ಆಕೆಯನ್ನು ಅಗಡಿಗೆ ಕೊಟ್ಟಿದ್ದರು. ಗಂಡ ಮಾಲತೇಶ ಶಾಲೆಯ ಮಾಸ್ತರ. ಅಲ್ಲಿಯ ಹೊಲದ ಉಸ್ತುವಾರಿಯೆಲ್ಲ ಅಂಜಲಿಯದೇ. ಬೀಜದ ಆಫೀಸಿನ ಕೆಲಸಕ್ಕೆ ರಾಣೆಬೆನ್ನೂರಿಗೆ ಬಂದಿದ್ದಳು, ಅಪ್ಪ ಈ ಅಂಗಡಿಗೇ ಬರಹೇಳಿದ್ದ.

"ಹೆಂಗೈತಿ?" ಎಂದು ಹಾಲೇಶಪ್ಪ ಕೈ ಚಾಚಿದ.

"ಚಲೋ ಐತಪ್ಪಾ. ನಿನಗ ಒಪ್ಪತೈತಿ."

"ನನ್ನ ಮಾತು ಬಿಡು. ನೀ ಹಾಕ್ಕೋತಿಯೇನು?"

ಅಂಜಲಿ ನಕ್ಕಳು. "ನಾ ಯಾಕ ಹಾಕ್ಕೊಳ್ಳಿ? ಮುಂದ ಅದು ತಮ್ಮ ಸಿದ್ದುಂದಲ್ಲೇನು?"

ಹಾಲೇಶಪ್ಪ ಹರಳುಗಳನ್ನೇ ನೋಡುತ್ತ ನಿಂತ. ಈ ಮಾತನ್ನು ಅವನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಮುತ್ತವ್ವನಿಗೆ ಕೂಡ. "ನಿನಗ ಕೊಡಬೇಕಂತ ಮಾಡೇನಿ," ಎಂದು ಗಡಿಯಾರಕ್ಕೆ ಹೇಳಿದಂತೆ ಹೇಳಿದ. "ನಾ ಕಲಿಸಿದ ಕೆಲಸ ಮಾಡಾಕಿ ನೀ ಒಬ್ಬಾಕೀನ."

ಮುತ್ತವ್ವನ ಕೈಯಲ್ಲಿದ್ದ ಚಹಾದ ಲೋಟ ತುಟಿಯ ಹತ್ತಿರವೇ ನಿಂತಿತು.

ಅಂಜಲಿ ಅಪ್ಪನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಅವನ ಕೈ ಹಿಡಿದು ಗಡಿಯಾರವನ್ನು ಅತ್ತಿತ್ತ ತಿರುಗಿಸಿ ನೋಡಿದಳು. ಆಮೇಲೆ ಮೆಲ್ಲಗೆ, "ಖರೇ ಹೇಳ್ಲೇನಪ್ಪಾ?" ಎಂದಳು.

"ಹೇಳು."

"ಇದನ್ನ ಕೊಟ್ರ ನಾ ಸೀರಿ ನಡುವ ಸುತ್ತಿ ಟ್ರಂಕಿನಾಗ ಇಡ್ತೇನಿ. ವರ್ಷಕ್ಕೊಂದು ಮದುವೀಗೆ ಹಾಕ್ಕೋತೇನಿ. ಬೆಂಡಿ ಪ್ಲಾಟಿಗೆ ಇದನ್ನ ಹಾಕ್ಕೊಂಡು ಹೋದ್ರ ಹೆಣ್ಣಾಳೆಲ್ಲಾ ಹೂವು ಬಿಟ್ಟು ನನ್ನ ಕೈನ ನೋಡ್ತಾರ."

ಹಾಲೇಶಪ್ಪನಿಗೆ ನಗು ಬಂತು. ಬೀಜದ ಹೊಲದಲ್ಲಿ ವೇಳೆ ಎಂದರೆ ಏನೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಬಿಡಿಸಿ ಗಂಡು ಕೇಸರ ತೆಗೆಯಬೇಕು. ಬೆಳಗ್ಗೆ ಬೇರೆ ತಳಿಯ ಹೂವಿನ ಪರಾಗ ಮುಟ್ಟಿಸಬೇಕು. ಕ್ರಾಸಿಂಗ್ ಎನ್ನುವ ಈ ಕೆಲಸ ಹನ್ನೊಂದರೊಳಗೆ ಮುಗಿಯದಿದ್ದರೆ ಬಿಸಿಲಿಗೆ ಪರಾಗ ಸತ್ತುಹೋಗುತ್ತದೆ.

"ಹಂಗಾದ್ರ ಯಾವುದು ಬೇಕು, ನೀನ ಆರಿಸು," ಎಂದ.

ಅಂಜಲಿ ತಟ್ಟೆಯ ಮೇಲೆ ಬಾಗಿದಳು. ಹರಳಿನವುಗಳನ್ನು ಬಿಟ್ಟು ಒಂದೊಂದನ್ನೇ ಕಿವಿಗೆ ಹಿಡಿದು ಕೇಳಿದಳು. "ನೀರು, ಮಣ್ಣು, ಔಷಧ ಹೊಡ್ಯಾ ಧೂಳು, ಎಲ್ಲಾ ತಡ್ಕೊಳ್ಳೂದು ಯಾವುದ್ರಿ ಕಾಕಾ?"

ಸಾಬ ತಡಮಾಡದೆ ಮೊದಲು ತೋರಿಸಿದ್ದನ್ನೇ ಮುಂದೆ ತಳ್ಳಿದ. ಉಕ್ಕಿನ ಮೈ, ಬಿಳಿಯ ಮುಖ, ಕಪ್ಪು ಮುಳ್ಳು. ಬೇರೆ ಅಲಂಕಾರವಿಲ್ಲ. "ಇದಕ್ಕ ಸೆಲ್ ಇಲ್ಲವ್ವಾ. ಕೈ ಆಡಿದಂಗ ತಾನ ಚಾವಿ ತುಂಬ್ಕೋತೈತಿ. ಎರಡು ದಿನ ಪೆಟ್ಟಿಗ್ಯಾಗ ಇಟ್ರ ನಿಂತಬಿಡ್ತೈತಿ. ಐದಾರು ವರ್ಷಕ್ಕೊಮ್ಮೆ ಬಿಚ್ಚಿ ಎಣ್ಣಿ ಹಾಕಿದ್ರ ಮೊಮ್ಮಕ್ಕಳ ಕಾಲಕ್ಕೂ ನಡೀತೈತಿ. ಬೆಲೆ ಮಾತ್ರ ಆ ಬಂಗಾರದ ಬಣ್ಣದ್ದಕ್ಕಿಂತ ಜಾಸ್ತಿ."

"ಇಷ್ಟು ಸಾದಾ ಇದ್ದು ಜಾಸ್ತಿ?" ಎಂದಳು ಮುತ್ತವ್ವ.

"ಒಳಗಿನ ಕೆಲಸಕ್ಕ ರೊಕ್ಕ, ವೈನಿ."

ಮುತ್ತವ್ವ ಲೋಟ ಕೆಳಗಿಟ್ಟಳು. "ಅದೆಲ್ಲಾ ಇರಲಿ. ಸಿದ್ದಲಿಂಗೇಶಗ ಏನ ಹೇಳ್ತೀರಿ? ಮಗನ್ನ ಬಿಟ್ಟು ಮಗಳಿಗೆ ಕೊಟ್ಟರಂತ ನಾಳೆ ಅಂವನ ಮನಸ್ಸಿಗೆ ಹತ್ತಿದ್ರ?"

ಇದು ಹಾಲೇಶಪ್ಪನಿಗೂ ತಿಂಗಳಿಂದ ಚುಚ್ಚುತ್ತಿದ್ದ ಮಾತು. ಅದಕ್ಕೇ ಅವನು ಯಾರಿಗೂ ಹೇಳದೆ ಕುಳಿತದ್ದು. ಈಗ ಮುಚ್ಚಿಡುವುದೇನೂ ಉಳಿದಿರಲಿಲ್ಲ. ಅಲ್ಲೇ ನಿಂತು ಹಾವೇರಿಯಲ್ಲಿ ಪಂಪಸೆಟ್ ಅಂಗಡಿ ಇಟ್ಟಿದ್ದ ಮಗನಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದ. ಸುತ್ತಿ ಬಳಸದೆ ಹೇಳಿದ.

ಆಚೆ ಓಡುತ್ತಿದ್ದ ಮೋಟಾರನ್ನು ಬಂದ್ ಮಾಡಿದ್ದು ಕೇಳಿಸಿತು.

"ಮೊದಲ ಹೇಳಿದ್ರ ಏನಾಗ್ತಿತ್ತಪ್ಪಾ," ಎಂದ ಸಿದ್ದಲಿಂಗೇಶ. ದನಿಯಲ್ಲಿ ಮುನಿಸಿತ್ತು, ಬಹಳ ಇರಲಿಲ್ಲ. "ಅಕ್ಕಗ ಕೊಡು. ಹೊಲ ಆಕಿ ಮಾಡ್ತಾಳ, ನಾ ಏನ ಮಾಡ್ತೇನಿ. ಆದ್ರ ಒಂದು ಮಾತು. ಅಕ್ಕನ ಕೈಯಿಂದ ಮುಂದ ಅದು ನಮ್ಮ ಪ್ರಿಯಾಂಕಾಗ ಬರಬೇಕು."

ಹಾಲೇಶಪ್ಪ ಫೋನನ್ನು ಮಗಳತ್ತ ಚಾಚಿದ. "ಕೊಡ್ತೇನಿ," ಎಂದಳು ಅಂಜಲಿ. "ಮೊದಲು ಆಕೀನ್ನ ಶಾಲಿ ಸೂಟ್ಯಾಗ ಅಗಡಿಗೆ ಕಳಸು. ಹೂವು ಮುರೀದಂಗ ಕ್ರಾಸಿಂಗ್ ಮಾಡೂದು ಕಲೀಲಿ."

ಆಚೆಯಿಂದ ನಗು ಕೇಳಿಸಿತು. ಮುತ್ತವ್ವ ಚೀಲದಿಂದ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡಳು.

ಉಳಿದದ್ದು ಅಳತೆಯ ಮಾತು. ಸಾಬ ಕಾಗದದ ಪಟ್ಟಿ ಹರಿದು ಇಬ್ಬರ ಮಣಿಕಟ್ಟನ್ನೂ ಸುತ್ತಿ ಗುರುತು ಹಾಕಿದ. ಅಂಜಲಿಗೆ ಚೈನು ಇದ್ದ ಹಾಗೇ ಸರಿಹೋಗುತ್ತಿತ್ತು. ಅಪ್ಪನಿಗೆ ನಾಲ್ಕು ಕೊಂಡಿ ಹೆಚ್ಚು ಬೇಕು. ಕಂಪನಿಯಿಂದ ತರಿಸಲು ಹದಿನೈದು ದಿನ. "ಮೊದಲು ನಿಮಗ ನಾಲ್ಕು ಕೊಂಡಿ ಕೂಡಸ್ತೇನ್ರಿ. ಮುಂದ ಮಗಳಿಗೆ ಕೊಡೂ ಕಾಲಕ್ಕ ತಗದ್ರಾತು," ಎಂದ.

"ತಗ್ಯಾಕ ಎಷ್ಟೊತ್ತು ಬೇಕು?"

"ಐದು ನಿಮಿಷ."

"ಮತ್ತ ಕೂಡಸಾಕ?"

"ಅದೂ ಅಷ್ಟ."

ಹಾಲೇಶಪ್ಪ ಗಡ್ಡ ಕೆರೆದುಕೊಂಡ. "ಹಂಗಾದ್ರ ನಾ ಸಾಯೂದನ್ನ ಆಕಿ ಯಾಕ ಕಾಯಬೇಕ್ರಿ? ಕ್ರಾಸಿಂಗಿನಾಗ ಆಕೀಗಿರಲಿ. ಕೆಲಸ ಮುಗದ ಮ್ಯಾಲ ನನಗ ಬರಲಿ."

"ತವರಿಗೆ ಹೋಗಿ ಬಂದು ಮಾಡಾಕ ಇದೇನು ಬಾಣಂತಿ ಮಗಳೇನ್ರಿ?" ಎಂದ ಸಾಬ. ಆದರೂ ಹೂಂ ಅಂದ. ಕೊಂಡಿ ಕೂಡಿಸುವುದಕ್ಕೂ ತೆಗೆಯುವುದಕ್ಕೂ ತಾನಿರುವ ತನಕ ಹಣವೇನೂ ತೆಗೆದುಕೊಳ್ಳುವುದಿಲ್ಲವೆಂದು ಪಾವತಿ ಚೀಟಿಯ ಹಿಂದೆ ಬರೆದು ಸಹಿ ಹಾಕಿದ.

ಕೊಂಡಿ ಬಂದು ಕೂಡಿದ ಮೇಲೆ ಹಾಲೇಶಪ್ಪ ಆ ಬೇಸಿಗೆಯೆಲ್ಲ ಅದನ್ನು ಕೈಯಿಂದ ತೆಗೆಯಲಿಲ್ಲ. ಎಮ್ಮೆ ತೊಳೆಯುವಾಗಲೂ, ಮೊಮ್ಮಗಳನ್ನು ಹೊಳೆಯಲ್ಲಿ ಈಜು ಕಲಿಸಲು ಕರೆದೊಯ್ದಾಗಲೂ ಅದು ಕೈಯಲ್ಲೇ ಇತ್ತು. ಮುತ್ತವ್ವ ಕುಕ್ಕರಿನ ಸೀಟಿ ಬಿಟ್ಟು ಅದರ ಮುಳ್ಳು ನೋಡಿ ಬೇಳೆ ಇಳಿಸತೊಡಗಿದಳು. ಬೆಂಡಿ ಹೂ ಬಿಡುವ ಹೊತ್ತಿಗೆ ಸಾಬನ ಅಂಗಡಿಯಲ್ಲಿ ನಾಲ್ಕು ಕೊಂಡಿ ಕಳಚಿದವು. ಗಡಿಯಾರ ಅಗಡಿಗೆ ಹೋಯಿತು.

ಮರುದಿನ ಬೆಳಗ್ಗೆ ಹಾಲೇಶಪ್ಪ ಕಟ್ಟೆಯ ಮೇಲೆ ಕೂತಿದ್ದ. ಎತ್ತು ಹೊಡೆದುಕೊಂಡು ಹೊರಟ ಓಣಿಯ ಸೋಮಪ್ಪ ದಾರಿಯಿಂದಲೇ, "ಟೈಮ್ ಎಷ್ಟಾತೋ ಹಾಲೇಶಾ?" ಎಂದು ಕೇಳಿದ.

ಹಾಲೇಶಪ್ಪ ಕೈ ತಿರುವಿ ನೋಡಿದ. ಬಿಸಿಲಿಗೆ ಕಪ್ಪಾಗದ ಅಗಲವಾದ ಬಿಳಿಯ ಪಟ್ಟಿ, ನಡುವೆ ದುಂಡನೆಯ ಗುರುತು.

"ತಡಿ, ಕೇಳಿ ಹೇಳ್ತೇನಿ," ಎಂದು ಅಂಜಲಿಗೆ ಫೋನು ಹಚ್ಚಿದ. ಆಚೆ ಹೆಣ್ಣಾಳುಗಳ ಮಾತು, ಬಳೆಗಳ ಸದ್ದು. "ಏಳೂ ಹತ್ತಪ್ಪಾ," ಎಂದು ಅಂಜಲಿ ಹೇಳಿ ಅವಸರದಲ್ಲಿ ಇಟ್ಟಳು.

"ಅಗಡ್ಯಾಗ ಏಳೂ ಹತ್ತಂತ," ಎಂದ ಹಾಲೇಶಪ್ಪ.

"ಇಲ್ಲೂ ಅಷ್ಟ ಆಗಿರಬೇಕು ಬಿಡು," ಎಂದು ಸೋಮಪ್ಪ ಎತ್ತು ಹೊಡೆದ.

ಮುತ್ತವ್ವ ಚಹಾ ತಂದಿಟ್ಟು ಹೋದಳು. ಹಾಲೇಶಪ್ಪ ಕೈ ತಿರುವಿದಂತೆಯೇ ಮೊಣಕಾಲ ಮೇಲಿಟ್ಟುಕೊಂಡು ಕೂತ. ಎಳೆ ಬಿಸಿಲು ಕಟ್ಟೆ ಹತ್ತಿ ಬಂದು ಆ ಬಿಳಿಯ ಪಟ್ಟಿಯನ್ನು ಮುಟ್ಟಿತು.