ಕಣಗಿಲೆ ಬೇಲಿಯ ಮುನಿತಾಯಮ್ಮ

ಮುನಿತಾಯಮ್ಮ ಮನುಷ್ಯರನ್ನು ಮೊದಲು ಮೂಸಿ, ಆಮೇಲೆ ಮಾತನಾಡಿಸುತ್ತಿದ್ದಳು. ದೇವನಹಳ್ಳಿಯ ಆಚೆ, ಆ ತಾಲ್ಲೂಕಿನದೇ ವಿಜಯಪುರದ ದಾರಿಯಲ್ಲಿದ್ದ ಆಕೆಯ ರೇಷ್ಮೆ ಹುಳುಮನೆಯ ಬಾಗಿಲಿಗೆ ಯಾರೇ ಬರಲಿ, ಆ ತೆಳ್ಳನೆಯ ಮೂಗಿನ ಹೊಳ್ಳೆಗಳು ಒಮ್ಮೆ ಅರಳಿ ಮುಚ್ಚಿ ತೀರ್ಪು ಕೊಡುವವರೆಗೆ ಒಳಗೆ ಹೆಜ್ಜೆಯಿಡುವಂತಿರಲಿಲ್ಲ. ಬೀಡಿ ಸೇದಿದವರು, ಮಲ್ಲಿಗೆ ಮುಡಿದವರು, ಘಮಘಮಿಸುವ ಎಣ್ಣೆಯಲ್ಲಿ ತಲೆಯನ್ನು ಅದ್ದಿಕೊಂಡು ಬಂದವರು, ಎಲ್ಲರಿಗೂ ಹೊಸ್ತಿಲಾಚೆಯೇ ಆಸನ. ಪಂಚಾಯ್ತಿಯ ಅಧ್ಯಕ್ಷರನ್ನೇ ಒಂದು ಸಲ, "ಸೆಂಟು ಹೊಡ್ಕೊಂಡು ಬಂದಿದೀರ, ಹುಳ ಮುನಿಸ್ಕೊಳ್ತವೆ, ಅತ್ಲಾಗೆ ಜಗಲಿ ಮೇಲೆ ಕೂತ್ಕೊಳಿ ಸ್ವಾಮಿ" ಎಂದು ಕೂರಿಸಿದ್ದಳು. ಗೂಡು ಕೊಳ್ಳಲು ಹೋಗುತ್ತಿದ್ದ ನಾನು ಆ ಮೂಗಿಗೆ ಹೆದರಿ ವಿಜಯಪುರದಲ್ಲೇ ಬಾಯಿ ಮುಕ್ಕಳಿಸಿಕೊಂಡು ಹೊರಡುತ್ತಿದ್ದೆ.

ಆಕೆಯ ನಡಿಗೆಯೂ ಹುಳುಮನೆಯಲ್ಲೇ ಕಲಿತದ್ದು. ಹಿಮ್ಮಡಿ ನೆಲಕ್ಕೆ ತಾಗಿತೋ ಇಲ್ಲವೋ ಎಂಬಂತೆ, ಈಗಷ್ಟೇ ಕಣ್ಣುಮುಚ್ಚಿದ ಕೂಸಿನ ಪಕ್ಕ ಹಾದುಹೋಗುವವರ ಹಾಗೆ ನಡೆಯುತ್ತಿದ್ದಳು. ಸೀರೆಯ ಮೇಲೆ, ತೀರಿಕೊಂಡ ಗಂಡನ ಖಾಕಿ ಅಂಗಿ; ಅದರ ತೋಳುಗಳನ್ನು ಮೊಣಕೈವರೆಗೆ ಮಡಚಿದ ಮಡಿಕೆ ನಾನು ಕಂಡ ಇಪ್ಪತ್ತು ವರ್ಷವೂ ಒಂದೇ ಅಳತೆ. ಹುಳದ ವಿಷಯದಲ್ಲಿ ಆಕೆಯ ಮಾತಿಗೆ ಎದುರು ಮಾತಿರಲಿಲ್ಲ. ತಟ್ಟೆಯ ಮೇಲೆ ಬಾಗಿ ನೋಡಿ, "ಇವತ್ತು ಸಾಯಂಕಾಲಕ್ಕೆ ಜ್ವರಕ್ಕೆ ಕೂರ್ತವೆ" ಎಂದರೆ ಸಾಯಂಕಾಲಕ್ಕೆ ಕೂತೇಬಿಡುತ್ತಿದ್ದವು. ಹುಳ ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರವೆನ್ನುತ್ತಾರೆ. ಮೇಯುವುದನ್ನು ಬಿಟ್ಟು, ತಲೆಯೆತ್ತಿ, ಒಂದಿಡೀ ದಿನ ಕಲ್ಲಿನಂತೆ ಕೂತ ಹುಳವನ್ನು ಅರಿಯದವರು ಕಂಡರೆ ಸತ್ತಿತೆಂದೇ ತಿಳಿಯಬೇಕು. ಮರುದಿನ ಅದು ಹಳೆಯ ಚರ್ಮವನ್ನು ಬಾಲದಾಚೆ ನೂಕಿ, ಮೊದಲಿಗಿಂತ ದೊಡ್ಡ ಹಸಿವಿನೊಡನೆ ಎದ್ದು ಬರುತ್ತದೆ.

ದೇವನಹಳ್ಳಿಯ ನಿಲ್ದಾಣದಿಂದ ವಿಮಾನಗಳು ಹಾರತೊಡಗಿದ ಎರಡನೆಯ ವರ್ಷ ಆಕೆಯ ಮೈದುನಂದಿರು ಹಿಪ್ಪುನೇರಳೆ ತೋಟವನ್ನು ಲೇಔಟಿನವರಿಗೆ ಕೊಟ್ಟರು. ನಾನು ಗೂಡಿನ ವ್ಯಾಪಾರ ಬಿಟ್ಟು ಅಲಂಕಾರದ ಗಿಡಗಳ ವ್ಯಾಪಾರ ಹಿಡಿದೆ. ಕೊಳ್ಳುವವರು ಬದಲಾದರೂ ಸರಕು ಬದಲಿಸದವನು ಭಕ್ತನಾಗಬಹುದು, ವ್ಯಾಪಾರಿಯಾಗಲಾರ. ಮುನಿತಾಯಮ್ಮ ಆ ವರ್ಷವೆಲ್ಲ ಬೆಳಗಾದರೆ ಖಾಲಿ ತಟ್ಟೆಗಳನ್ನು ತೊಳೆದು ಬಿಸಿಲಿಗಿಟ್ಟು, ಸಂಜೆಗೆ ಒಳಗಿಟ್ಟು, ಮತ್ತೆ ಬೆಳಗಾದರೆ ತೊಳೆದಳು. ಅದನ್ನು ನೋಡಲಾರದೆ ಸೊಸೆ ನನ್ನ ಬಳಿ ಬಂದು ಅತ್ತಳು. ನಾನು ಗಿಡ ಒದಗಿಸುತ್ತಿದ್ದ ಲೇಔಟಿನ ಉದ್ಯಾನದಲ್ಲಿ ಆಕೆಗೊಂದು ಕೆಲಸ ಕೊಡಿಸಿದೆ. ಆರು ಜನ ಹೆಂಗಸರು; ಅವರ ಮೇಲೆ ಮುನೀಂದ್ರನೆಂಬ ಮೇಸ್ತ್ರಿ, ಟೋಪಿ ಹಾಕಿಕೊಂಡು ವಾಕಿಟಾಕಿಯಲ್ಲಿ ಹತ್ತು ಮಾರು ದೂರದವರೊಡನೆ ಮಾತನಾಡುವವನು.

ಲೇಔಟಿನವರು ತಮ್ಮ ಬಣ್ಣದ ಕಾಗದಗಳಲ್ಲಿ 'ಚಿಟ್ಟೆಗಳ ಉದ್ಯಾನ' ಎಂದು ಅಚ್ಚುಹಾಕಿಸಿಬಿಟ್ಟಿದ್ದರು. ಶ್ರಾವಣದ ಎರಡನೇ ಶುಕ್ರವಾರ ಆರಂಭೋತ್ಸವ. ಇದ್ದುದು ನಾನು ಮಾರಿದ ಕಣಗಿಲೆಯ ಉದ್ದನೆಯ ಬೇಲಿ; ಅದರ ತುಂಬ ಚಿಟ್ಟೆಗಳ ಬದಲು ಮೈಮೇಲೆ ನಾಲ್ಕು ಜೊತೆ ಕರಿಕೊಂಬು ಹೊತ್ತ ಪಟ್ಟೆಪಟ್ಟೆಯ ಹುಳುಗಳು. ಆ ದಿನಕ್ಕೆ ಚಿಟ್ಟೆ ಕಾಣದಿದ್ದರೆ ಉದ್ಯಾನವನ್ನು ನಗರದ ಕಂಪನಿಯೊಂದಕ್ಕೆ ವಹಿಸಿ ಆರೂ ಹೆಂಗಸರನ್ನು ಮನೆಗೆ ಕಳಿಸುವುದೆಂದು ಮೇಲಿನಿಂದ ಮಾತು ಬಂದಿತ್ತು. ಮುನೀಂದ್ರ ಗಾಬರಿಯಲ್ಲಿ ಔಷಧಿಯ ಪಂಪು ತರಿಸಿದ.

"ಅಲ್ಲ ಕಣಪ್ಪ," ಎಂದಳು ಮುನಿತಾಯಮ್ಮ, "ಚಿಟ್ಟೆ ಬೇಕು ಅಂತೀಯ, ಹುಳಕ್ಕೆ ವಿಷ ಇಕ್ತೀನಿ ಅಂತೀಯ. ಚಿಟ್ಟೆ ಏನು ಏರೋಪ್ಲೇನಲ್ಲಿ ಬಂದು ಇಳೀತವಾ?"

"ಅಜ್ಜಿ, ಇದು ನಿನ್ನ ರೇಷ್ಮೆ ಹುಳ ಅಲ್ಲ. ಗಿಡ ಎಲ್ಲಾ ಬೋಳು ಮಾಡಾಕ್ತವೆ."

"ನಾಲ್ಕನೇ ಜ್ವರ ಎದ್ದವೆ. ಇನ್ನಾರು ದಿನ ತಿಂದು ಗೂಡು ಕಟ್ಟಕ್ಕೆ ಹೋಗ್ತವೆ, ಆಮೇಲೆ ಎಲೆ ಮೂಸಿಯೂ ನೋಡಲ್ಲ. ಚಿಟ್ಟೆ ಬರ್ಲಿಲ್ಲ ಅಂದ್ರೆ ನಾನೊಬ್ಳೇ ಹೋಗ್ತೀನಿ, ಇವ್ರನ್ನ ಇಟ್ಕೊ."

"ನಿನ್ನ ಹಿಂದೇನೇ ನಮ್ಮನ್ನೂ ಅಟ್ತಾರೆ, ಬಾಯಿ ಮುಚ್ಕೊಂಡಿರಕ್ಕ" ಎಂದು ಪಕ್ಕದಲ್ಲಿದ್ದ ನರಸಮ್ಮ ಗೊಣಗಿದಳು. ಮುನೀಂದ್ರ ಪಂಪನ್ನು ಒಳಗಿಡಿಸಿದ.

ಆ ಆರು ದಿನ ಉದ್ಯಾನ ಹುಳುಮನೆಯಾಯಿತು. ಹಕ್ಕಿಗಳಿಗೆ ಕಾಣದಂತೆ ಬೇಲಿ ಹಳೆಯ ಸೀರೆಗಳನ್ನು ಹೊದ್ದಿತು. ಬೋಳಾದ ರೆಂಬೆಯ ಹುಳಗಳು ಕಡ್ಡಿಯ ತುದಿಯಲ್ಲಿ ಸವಾರಿ ಮಾಡಿ ಎಲೆಯಿರುವ ರೆಂಬೆಗೆ ಹೋದವು. ನರಸಮ್ಮ ತಲೆಗೆ ಎಣ್ಣೆ ಹಚ್ಚಿ ಬಂದ ದಿನ ಆಕೆಗೆ ಗೇಟಿನ ಬಳಿಯ ಹುಲ್ಲು ಕೀಳುವ ಶಿಕ್ಷೆಯಾಯಿತು. "ಇವ್ಳ ಮೂಗು ಕುಯ್ದು ಇವ್ಳ ಕೈಗೇ ಕೊಡ್ಬೇಕು" ಎಂದು ಅವಳು ಹುಲ್ಲಿನೊಡನೆ ದೂರಿಕೊಂಡಳು.

ಆರನೆಯ ಬೆಳಿಗ್ಗೆ ಮುನಿತಾಯಮ್ಮ ಸೀರೆಯೊಂದನ್ನು ಎತ್ತಿ ನೋಡಿ ಹಾಗೆಯೇ ನಿಂತುಬಿಟ್ಟಳು. ಹುಳಗಳು ಮೇಯುವುದನ್ನು ಬಿಟ್ಟಿದ್ದವು. ಒಂದಾದರೂ ಒಂದೆಳೆ ನೂಲಿನ ಗೂಡು ಕಟ್ಟಿರಲಿಲ್ಲ. ಎಲೆಗಳ ಅಡಿಯಲ್ಲಿ ಬಾಲ ಅಂಟಿಸಿಕೊಂಡು, ತಲೆ ಕೆಳಗಾಗಿ, ಮೈ ಕೊಕ್ಕೆಯಂತೆ ಬಾಗಿ ನೇತಾಡುತ್ತಿದ್ದವು. ರೇಷ್ಮೆ ಸಾಕಿದವರಿಗೆ ಆ ನೋಟಕ್ಕಿರುವುದು ಒಂದೇ ಅರ್ಥ: ಸಪ್ಪೆರೋಗ. ತಟ್ಟೆಯ ಅಂಚಿನಿಂದ ಹುಳ ಹಾಗೆ ತಲೆಕೆಳಗಾಗಿ ನೇತರೆ ಅದು ಸತ್ತ ಹುಳ; ಅದನ್ನು ತಕ್ಷಣ ತೆಗೆದು ಸುಣ್ಣದಲ್ಲಿ ಹೂಳದಿದ್ದರೆ ಉಳಿದದ್ದೂ ಸಾಯುತ್ತದೆ. ಕ್ಷಣವೂ ಅನುಮಾನಿಸದೆ ಬಕೆಟ್ಟು, ಸುಣ್ಣ, ಕಡ್ಡಿ ತಂದಳು. ಅಳು ಬರುತ್ತಿದ್ದರೂ ಕೈ ತಪ್ಪಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೇಲಿಯ ಮುಕ್ಕಾಲು ಪಾಲು ಬರಿದು ಮಾಡಿ, ಮೂಲೆಯಲ್ಲಿ ಗುಂಡಿ ತೋಡಿ ಮುಚ್ಚಿದಳು. ನೀರಿನ ತೊಟ್ಟಿಯ ಪಕ್ಕದ ಕಾಲು ಭಾಗಕ್ಕೆ ಬರುವಷ್ಟರಲ್ಲಿ ಮಳೆ ಹಿಡಿಯಿತು.

ಮರುದಿನ ನಾನು ಗಿಡ ಇಳಿಸಲು ಹೋದಾಗ ಆಕೆ ನನ್ನ ತೋಳು ಹಿಡಿದು ತೊಟ್ಟಿಯ ಬಳಿಗೆ ಎಳೆದೊಯ್ದಳು. ಎಲೆಗಳ ಕೆಳಗೆ ಬೆಳ್ಳಿಯ ಜುಮುಕಿಗಳು ತೂಗುತ್ತಿದ್ದವು. ಕನ್ನಡಿಯಷ್ಟು ನುಣುಪು, ಬಾಗಿದರೆ ನಮ್ಮ ಮುಖ ಕಾಣುವಷ್ಟು ಹೊಳಪು. ಈ ಹುಳದ ರೀತಿಯೇ ಬೇರೆ. ಇದು ನೂಲುವುದಿಲ್ಲ, ನೇತು, ಕೊನೆಯ ಪೊರೆ ಬಿಟ್ಟು, ತಾನೇ ಗೂಡಾಗುತ್ತದೆ. ಆಕೆ ಆಗಲೇ ಗುಂಡಿಯನ್ನು ಕೆದಕಿ ನೋಡಿದ್ದಳು. ಸುಣ್ಣದಲ್ಲಿ ಮೂರು ನಾಲ್ಕು ಹುಳಗಳು ಅರ್ಧ ಬೆಳ್ಳಿಯಾಗಿ ನಿಂತಿದ್ದವು.

"ನಾನೇ ಕೊಂದ್ಬಿಟ್ನಲ್ಲೋ" ಎಂದಳು. ಸಮಾಧಾನ ಹೇಳುವ ಕಲೆ ನನಗೆ ಬಾರದು. "ಉಳಿದಿದ್ದು ಎಷ್ಟು?" ಎಂದೆ. ಇಪ್ಪತ್ಮೂರು.

ಶುಕ್ರವಾರಕ್ಕೆ ಒಂಬತ್ತು ದಿನವಿತ್ತು. ಮುನೀಂದ್ರ ದಿನಾ ಬಂದು, "ಅಜ್ಜಿ, ಆವತ್ತಿಗೆ ಗ್ಯಾರಂಟಿ ಆಚೆ ಬರ್ತವಾ?" ಎಂದು ಕೇಳುತ್ತಿದ್ದ. ಆಕೆಯ ವಿದ್ಯೆ ಅಲ್ಲಿಗೇ ಮುಗಿದಿತ್ತು. ನಲವತ್ತು ವರ್ಷ ಹುಳ ಸಾಕಿದವಳು ಗೂಡಾದ ಐದನೆಯ ದಿನಕ್ಕೆ ಚೀಲ ಕಟ್ಟಿ ಮಾರುಕಟ್ಟೆಗೆ ಕಳಿಸಿದ್ದಳು. ಅಲ್ಲಿಂದಾಚೆ ಕುದಿಯುವ ನೀರು, ನೂಲು ತೆಗೆಯುವವರ ಪಾಡು. ಪತಂಗವನ್ನು ಕಂಡೇ ಇರಲಿಲ್ಲವೆಂದಲ್ಲ. ಯಾವಾಗಲೋ ಚೀಲದಲ್ಲೊಂದು ತಡವಾಗಿ ಉಳಿದು, ಗೂಡಿನ ಎಳೆ ಕಡಿದು ತೂತು ಮಾಡಿಕೊಂಡು ಹೊರಬಂದರೆ, ನಾನು ಆ ಗೂಡನ್ನು ಎರಡು ಬೆರಳಿನಲ್ಲಿ ಎತ್ತಿ ಪಕ್ಕಕ್ಕೆಸೆಯುತ್ತಿದ್ದೆ. ಆಕೆ ನಾಚಿ ತಲೆ ತಗ್ಗಿಸುತ್ತಿದ್ದಳು. ಹುಳ ಪೂರ್ತಿ ಬದುಕಿದ್ದಕ್ಕೆ ನಾವಿಬ್ಬರೂ ಇಟ್ಟ ಹೆಸರು ಕೆಟ್ಟ ಮಾಲು.

ಶುಕ್ರವಾರ ಬೆಳಗಾಯಿತು. ಬೇಲಿಯಲ್ಲಿ ಚಿಗುರು ಒಡೆದಿತ್ತು, ಗೇಟಿಗೆ ಮಾವಿನ ತೋರಣ ಕಟ್ಟಿದ್ದರು. ಬೆಳ್ಳಿಯ ಜುಮುಕಿಗಳಲ್ಲಿ ಒಂದಾದರೂ ಬೆಳ್ಳಿಯಾಗಿ ಉಳಿದಿರಲಿಲ್ಲ. ಅಷ್ಟೂ ಕಾಡಿಗೆಯಂತೆ ಕಪ್ಪಿಟ್ಟಿದ್ದವು.

"ಕೊಳ್ತೋಗವೆ ಕಣಕ್ಕ" ಎಂದಳು ನರಸಮ್ಮ. "ಕಾರು ಬರೋಷ್ಟರಲ್ಲಿ ಕಿತ್ತಾಕ್ಬಿಡಣ. ನೋಡ್ದವ್ರು ಥೂ ಅಂತಾರೆ."

ಒಳಗೆ ಹುಳ ಕೊಳೆತರೆ ಗೂಡು ಕಪ್ಪಾಗುತ್ತದೆಂಬುದನ್ನು ಮುನಿತಾಯಮ್ಮನಿಗಿಂತ ಚೆನ್ನಾಗಿ ಬಲ್ಲವರು ಆ ತಾಲ್ಲೂಕಿನಲ್ಲಿರಲಿಲ್ಲ. ಮುನೀಂದ್ರನೇ ಬಕೆಟ್ಟು ಎತ್ತಿಕೊಂಡ. "ಹತ್ತು ಗಂಟೆಗೆ ಬರ್ತಾರೆ ಅಜ್ಜಿ. ಸತ್ತೋಗಿದ್ರೆ ಹೇಳ್ಬಿಡು, ಕ್ಲೀನಾದ್ರೂ ಇರ್ಲಿ."

ಆಕೆಯ ಬಲಗೈ ಕಡ್ಡಿಯನ್ನು ಹಿಡಿದೇ ಇತ್ತು. ಅದು ಒಂದು ರೆಂಬೆಯವರೆಗೆ ಹೋಯಿತು, ಅಲ್ಲಿ ತಡೆಯಿತು. ಆಮೇಲೆ ಆಕೆ ಕಡ್ಡಿಯನ್ನು ಎಸೆದು, ಯಾರೂ ದಾಟದಂತೆ ಬೇಲಿಗೆ ಬೆನ್ನು ಕೊಟ್ಟು ಒದ್ದೆ ನೆಲದ ಮೇಲೆ ಕೂತುಬಿಟ್ಟಳು.

"ಸತ್ತಿದ್ರೆ ಸತ್ತಿರ್ಲಿ. ಮುಟ್ಟಲ್ಲ, ಮುಟ್ಟಕ್ಕೂ ಬಿಡಲ್ಲ."

"ಬದುಕವೆ ಅಂತ ಗೊತ್ತಾ ನಿಂಗೆ?" ಎಂದ ಮುನೀಂದ್ರ.

"ಇಲ್ಲ" ಎಂದಳು. "ಹೋದ ಸಲ ಎಲ್ಲಾ ಗೊತ್ತಿತ್ತು."

ಒಂಬತ್ತಾಯಿತು. ಒಂಬತ್ತೂವರೆಯಾಯಿತು. ವಾಕಿಟಾಕಿಯಲ್ಲಿ ಯಾರೋ ಕಾರುಗಳು ಸಾದಹಳ್ಳಿ ದಾಟಿದವೆಂದರು. ಆಕೆ ಹಿಂದಿರುಗಿಯೂ ನೋಡಲಿಲ್ಲ, ನೋಡಿದ್ದು ನರಸಮ್ಮ. "ಅಕ್ಕ, ಒಂದು ಬಿರುಕು ಬಿಡ್ತಾ ಅದೆ!" ಆ ಕಪ್ಪು, ಕೊಳೆತ ಕಪ್ಪಾಗಿರಲಿಲ್ಲ, ಒಳಗೆ ಮಡಚಿಟ್ಟ ರೆಕ್ಕೆಯ ಬಣ್ಣವಾಗಿತ್ತು. ಬಿರುಕಿನಿಂದ ಹೊರಬಿದ್ದದ್ದು ಮುದುರಿದ ಒದ್ದೆ ಬಟ್ಟೆಯ ಚೂರಿನಂಥ ಒಂದು ವಸ್ತು. ಅದು ಸಿಪ್ಪೆಗೆ ಕಾಲು ಹಿಡಿದು ನೇತು, ನಿಧಾನಕ್ಕೆ ತನ್ನನ್ನು ತಾನೇ ಇಸ್ತ್ರಿ ಮಾಡಿಕೊಂಡಂತೆ ರೆಕ್ಕೆ ಬಿಚ್ಚಿತು. ಆಮೇಲೆ ಇನ್ನೊಂದು. ಬಂದ ಅತಿಥಿಗಳ ಮುಂದೆ ಹದಿನೇಳು ಚಿಟ್ಟೆಗಳು ಬೇಲಿಯ ತುಂಬ ರೆಕ್ಕೆ ಒಣಗಿಸುತ್ತಿದ್ದವು. "ಬರೀ ಕಪ್ಪು ಅಲ್ವಾ? ಬಣ್ಣದ್ದು ತರ್ಸಕ್ಕಾಗಲ್ವಾ?" ಎಂದು ಒಬ್ಬ ಶ್ರೀಮತಿಯವರು ನನ್ನನ್ನು ಕೇಳಿದರು. ಮುಂದಿನ ಲೋಡಿನಲ್ಲಿ ನೋಡೋಣವೆಂದೆ.

ಆರೂ ಜನರ ಕೆಲಸ ಉಳಿಯಿತು. ಆ ಸಂಜೆ ಮುನಿತಾಯಮ್ಮ ತಾನಾಗಿಯೇ ಮುನೀಂದ್ರನನ್ನು ಗುಂಡಿಯ ಬಳಿ ಕರೆದುಕೊಂಡು ಹೋಗಿ ನಡೆದದ್ದನ್ನು ಒಪ್ಪಿಕೊಂಡಳು. ಅವನು, "ಬಂದ್ವಲ್ಲ ಬಿಡಜ್ಜಿ" ಎಂದು ನಕ್ಕ. ಆಕೆ ನಗಲಿಲ್ಲ.

ಕೈಪಳಗಿದವರೆಂಬ ಒಂದು ಬಳಗ ಲೋಕದಲ್ಲಿದೆ. ತಮ್ಮ ಕಸುಬಿನಲ್ಲಿ ಅವರನ್ನು ಮೀರಿಸುವವರಿಲ್ಲ, ಆದರೆ ಅವರ ಅರಿವಿಗೂ ಒಂದು ಸಂತೆಯ ದಿನವಿರುತ್ತದೆ. ಅಲ್ಲಿಂದಾಚೆ ಏನಾಗುತ್ತದೆಂದು ಅವರು ಕೇಳಿದವರಲ್ಲ, ಕೇಳುವ ಅಗತ್ಯವೂ ಬಿದ್ದಿರುವುದಿಲ್ಲ. ಹೆಚ್ಚಿನವರು ಅನುಭವವೆಂಬ ಆ ಗಟ್ಟಿ ಚರ್ಮದೊಳಗೇ ಮರ್ಯಾದೆಯಿಂದ ಮುದುಕರಾಗುತ್ತಾರೆ. ಎಲ್ಲೋ ಒಬ್ಬರು, ಯಾರೂ ಅವರಿಂದ ಇನ್ನೇನನ್ನೂ ನಿರೀಕ್ಷಿಸದ ವಯಸ್ಸಿನಲ್ಲಿ, ತಿಳಿದದ್ದನ್ನು ಮೇಯುವುದು ಬಿಟ್ಟು, ಗೊತ್ತಿಲ್ಲವೆಂದು ತಲೆಯೆತ್ತಿ ಸುಮ್ಮನೆ ಕೂರುತ್ತಾರೆ. ಪಕ್ಕದಲ್ಲಿ ನಿಂತವರಿಗೆ ಅದು ಮುಪ್ಪಿನ ಮಂಕಿನಂತೆ ಕಾಣುತ್ತದೆ. ನಮ್ಮಂಥ ವ್ಯಾಪಾರಿಗಳಿಗಂತೂ ನಿಂತ ಸರಕೆಲ್ಲ ಕೆಟ್ಟ ಸರಕೇ.